ಆಟ ತೆವಳ್ತಿದೆಯಾ? ಮೊದಲು ನಂಬರ್ ನೋಡಿ: ಗೇಮ್ ಬಾಯ್ ಎಮ್ಯುಲೇಟರ್ ದೋಷ ನಿವಾರಣೆ

ಪುಷ್ಯ ಮಳೆ ಹಿಡಿದು ನಾಲ್ಕನೇ ದಿನ ಅಕ್ಕನ ಮಗ ಫೋನ್ ಮಾಡಿದ. ಅವರ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ರಸ್ತೆ ಬಿಟ್ಟು ಒಳಗೆ, ತೋಟದ ನಡುವೆ. "ಮಾವ, ಎಮ್ಯುಲೇಟರ್ ಹಾಳಾಗಿದೆ. ಮೂರು ಸಲ ತೆಗೆದು ಮತ್ತೆ ಹಾಕಿದೆ. ಬೇರೆ ಎರಡು ಎಮ್ಯುಲೇಟರೂ ನೋಡಿದೆ. ಎಲ್ಲದ್ರಲ್ಲೂ ಆಟ ತೆವಳುತ್ತೆ, ಸೌಂಡು ಹರಿದು ಹರಿದು ಬರುತ್ತೆ" ಅಂದ.

"ಕಿಟಕಿಯ ಮೇಲ್ಗಡೆ ಆಟದ ಹೆಸರಿನ ಪಕ್ಕ ನಂಬರ್ ಎಷ್ಟಿದೆ ನೋಡು ಮಾರಾಯ."

"ಯಾವ ನಂಬರು?"

ಅವನು ಪಿಯುಸಿ ಹುಡುಗ. ಜಿಬಿ ಸ್ಟುಡಿಯೋ ಅನ್ನೋ ಮುಕ್ತ ತಂತ್ರಾಂಶದಲ್ಲಿ ಗೇಮ್ ಬಾಯ್ ಅನ್ನೋ ಹಳೇ ಕೈಯಾಟದ ಯಂತ್ರಕ್ಕೆ ತನ್ನದೇ ಆಟ ಕಟ್ಟುತ್ತಿದ್ದಾನೆ. ಕೊನೆಗೌಡ ಅಡಿಕೆ ಮರ ಹತ್ತಿ ಕೊಳೆ ಔಷಧಿ ಹೊಡೀಬೇಕು, ಮಂಗಗಳು ಅಡ್ಡ ಬರ್ತವೆ, ಮಳೆ ಜೋರಾಗೋದ್ರೊಳಗೆ ಸಾಲು ಮುಗಿಸಬೇಕು. ಆಟ ಚೆನ್ನಾಗಿದೆ. ಅದನ್ನ ಆಡಿಸಿ ನೋಡಲು ಅವನಿಗೆ ಬೇಕಾಗಿದ್ದು ಒಂದು ಎಮ್ಯುಲೇಟರ್, ಅಂದರೆ ಆ ಯಂತ್ರವನ್ನ ಕಂಪ್ಯೂಟರಿನಲ್ಲಿ ನಕಲು ಮಾಡೋ ತಂತ್ರಾಂಶ. ನಾನು ಹೇಳಿಕೊಟ್ಟಿದ್ದು ಎಂಜಿಬಿಎ: ಉಚಿತ, ಮೂಲ ಸಂಕೇತ ಮುಕ್ತ, ಗೇಮ್ ಬಾಯ್, ಗೇಮ್ ಬಾಯ್ ಕಲರ್, ಗೇಮ್ ಬಾಯ್ ಅಡ್ವಾನ್ಸ್ ಮೂರನ್ನೂ ಓಡಿಸುತ್ತೆ, ಹಳೇ ಕಂಪ್ಯೂಟರಿಗೂ ಹಗುರ.

ನನ್ನ ಹತ್ರ ಬರೋ ಹತ್ತು ದೂರುಗಳಲ್ಲಿ ಎಂಟು "ಎಮ್ಯುಲೇಟರ್ ಹಾಳಾಗಿದೆ" ಅಂತಲೇ ಶುರುವಾಗ್ತವೆ. ಹಾಳಾಗಿರೋದು ಎಮ್ಯುಲೇಟರ್ ಆಗಿರೋದು ತೀರಾ ಅಪರೂಪ. ತೆಗೆದು ಮತ್ತೆ ಹಾಕೋದರಿಂದ ಅರ್ಧ ದಿನ ಹೋಗುತ್ತೆ, ಸೆಟ್ಟಿಂಗ್ ಅಳಿಸಿಹೋಗುತ್ತೆ, ಕೆಲವೊಮ್ಮೆ ಸೇವ್ ಫೈಲೂ ಅದರ ಜೊತೆ ಹೋಗುತ್ತೆ. ಅದಕ್ಕೇ ಯಾವುದನ್ನೂ ಮುಟ್ಟೋ ಮೊದಲು ಆ ನಂಬರ್ ನೋಡಿ ಅಂತ ಇಷ್ಟು ಒತ್ತಿ ಹೇಳ್ತಿದ್ದೇನೆ.

ಆ ನಂಬರ್ ಏನು ಹೇಳುತ್ತೆ

1989ರ ಗೇಮ್ ಬಾಯ್‌ನ ಪರದೆ 160 ಅಡ್ಡ, 144 ಉದ್ದದ ಚುಕ್ಕಿಗಳದ್ದು. ಅದರ ಪ್ರೊಸೆಸರ್ ಸುಮಾರು 4.19 ಮೆಗಾಹರ್ಟ್ಸ್. 2001ರ ಅಡ್ವಾನ್ಸ್‌ಗೆ 240 ಅಡ್ಡ 160, ಪ್ರೊಸೆಸರ್ ಸುಮಾರು 16.78 ಮೆಗಾಹರ್ಟ್ಸ್. ಎರಡೂ ಸೆಕೆಂಡಿಗೆ 59.73 ಸಲ ಪರದೆಯನ್ನ ಹೊಸದಾಗಿ ಬರೀತವೆ. ಎಮ್ಯುಲೇಟರ್ ಆ ಯಂತ್ರದ ಒಂದೊಂದು ಹೆಜ್ಜೆಯನ್ನೂ ನಿಮ್ಮ ಕಂಪ್ಯೂಟರ್‌ನಲ್ಲಿ ನಕಲು ಮಾಡುತ್ತೆ. ಸೆಕೆಂಡಿಗೆ ಎಷ್ಟು ಸಲ ಪರದೆ ಬರೀತಿದೆ ಅನ್ನೋದೇ ಆ ನಂಬರ್. ಕಂಪ್ಯೂಟರಿಗೆ ಅಷ್ಟು ಶಕ್ತಿ ಇದ್ದರೆ ಅದು 59.7ರ ಆಸುಪಾಸು ನಿಂತಿರುತ್ತೆ. 60 ತೋರಿಸ್ತಿಲ್ಲ ಅಂತ ಗಾಬರಿ ಬೇಡ, 59.7 ಅಂದರೆ ಪೂರ್ತಿ.

ಇಲ್ಲಿಂದ ದಾರಿ ಮೂರು ಕವಲಾಗುತ್ತೆ. ನಂಬರ್ ಕಡಿಮೆ ಇದ್ದರೆ ತೊಂದರೆ ಕಂಪ್ಯೂಟರಿನದು. ನಂಬರ್ ಪೂರ್ತಿ ಇದ್ದು ಸೌಂಡ್ ಮಾತ್ರ ಕೆಟ್ಟಿದ್ದರೆ ಸೌಂಡ್ ಹೋಗೋ ದಾರಿಯದು. ನಂಬರ್ ಪೂರ್ತಿ, ಸೌಂಡ್ ಸರಿ, ಆದರೂ ಆಟ ಸರಿಯಿಲ್ಲ ಅಂದರೆ ಆಟದ್ದೇ. ಅಕ್ಕನ ಮಗನ ಲ್ಯಾಪ್‌ಟಾಪ್ ಆವತ್ತು ತೋರಿಸ್ತಿದ್ದಿದ್ದು 36.

ನಂಬರ್ ಕಡಿಮೆ ಇದ್ದಾಗ

ಮೊದಲು ಬೇರೊಂದು ಆಟ ಹಾಕಿ ನೋಡಿ, ಸರಿಯಾಗಿ ಓಡುತ್ತೆ ಅಂತ ಗೊತ್ತಿರೋದನ್ನ. ನಾನು ಟೋಬು ಟೋಬು ಗರ್ಲ್ ಇಟ್ಟುಕೊಂಡಿದ್ದೇನೆ. ಮಾಡಿದವರೇ ಉಚಿತವಾಗಿ ಬಿಟ್ಟಿರೋ ಗೇಮ್ ಬಾಯ್ ಆಟ ಅದು, ಮೂಲ ಸಂಕೇತವೂ ಸಿಗುತ್ತೆ. ಹಣ ಕೊಟ್ಟು ಕೊಳ್ಳಬೇಕಾದ ಆಟಗಳ ಕಳ್ಳ ಪ್ರತಿಗಳನ್ನ ನಾನು ಮಕ್ಕಳಿಗೆ ಕೊಡಲ್ಲ. ಅದು ಬೇರೆಯವರ ದುಡಿಮೆ. ಅಲ್ಲದೆ ಎಲ್ಲಿಂದಲೋ ಇಳಿಸಿದ ಫೈಲ್ ಅರ್ಧಕ್ಕೇ ನಿಂತಿದ್ದರೆ ದೋಷ ಎಲ್ಲಿದೆ ಅಂತ ಹುಡುಕೋದೇ ಕಷ್ಟ. ಗೊತ್ತಿರೋ ಆಟದಲ್ಲೂ ನಂಬರ್ 36ರಲ್ಲೇ ಇತ್ತು. ಅಲ್ಲಿಗೆ ಅವನ ಆಟದ ಮೇಲಿನ ಅನುಮಾನ ಹೋಯಿತು.

"ಚಾರ್ಜರ್ ಹಾಕಿದೀಯಾ?"

"ಕರೆಂಟಿಲ್ಲ ಮಾವ, ನಿನ್ನೆ ಬೆಳಿಗ್ಗೆಯಿಂದ. ಮಧ್ಯಾಹ್ನ ಬರುತ್ತಂತೆ."

ಮಲೆನಾಡಿನಲ್ಲಿ ಮಳೆಗಾಲದ ಮೊದಲ ಉತ್ತರ ಇಲ್ಲೇ ಸಿಗುತ್ತೆ. ಬ್ಯಾಟರಿಯ ಮೇಲೆ ಓಡುವಾಗ ಲ್ಯಾಪ್‌ಟಾಪ್ ತಾನಾಗೇ ಉಳಿತಾಯದ ಹದಕ್ಕೆ ಬರುತ್ತೆ, ಪ್ರೊಸೆಸರ್ ವೇಗವನ್ನ ತಗ್ಗಿಸುತ್ತೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ವೇಗ ನೋಡಲು ಹೇಳಿದೆ. ಆಟ ಓಡ್ತಿರುವಾಗಲೂ 0.8 ಗಿಗಾಹರ್ಟ್ಸ್ ದಾಟುತ್ತಿರಲಿಲ್ಲ. ಬ್ಯಾಟರಿ ಚಿತ್ರದ ಮೇಲೆ ಒತ್ತಿ ಉಳಿತಾಯ ತೆಗೆಸಿದ ಕೂಡಲೇ ನಂಬರ್ 59.7ಕ್ಕೆ ಏರಿತು. ಫೋನ್‌ನಲ್ಲೇ ಅವನ ಆಟದ ಹಾಡು ನೆಟ್ಟಗೆ ಕೇಳಿಸಿತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರ್ ಹಾಕಿದ್ದರೂ ಹೀಗಾಗುತ್ತೆ. ಬೇರೆ ಕಂಪನಿಯ ಚಾರ್ಜರನ್ನ ಯಂತ್ರ ಗುರುತಿಸದಿದ್ದರೆ ವೇಗ ಕೆಳಗೇ ಉಳಿಯುತ್ತೆ. ಹಾಗಾಗಿ "ಚಾರ್ಜರ್ ಹಾಕಿದೆ" ಅನ್ನೋ ಮಾತನ್ನ ನಂಬಿ ಮುಂದೆ ಹೋಗಬೇಡಿ, ಸಿಪಿಯು ವೇಗವನ್ನ ಕಣ್ಣಾರೆ ನೋಡಿ.

ಅಷ್ಟಕ್ಕೆ ಮುಗೀಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್ ಬಂತು. ನಂಬರ್ ಈಗ 44.

ಶುರುವಿನಿಂದಲೇ ನಿಧಾನವಾಗಿರೋದು ಒಂದು ಕಾಯಿಲೆ, ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಆಮೇಲೆ ನಿಧಾನವಾಗೋದು ಬೇರೆಯದೇ ಕಾಯಿಲೆ. ಎರಡನೆಯದು ಹೆಚ್ಚಿನ ಪಾಲು ಬಿಸಿ. ಪ್ರೊಸೆಸರ್ ಕಾದಾಗ ಸುಟ್ಟುಹೋಗದೇ ಇರಲು ತಾನೇ ವೇಗ ಇಳಿಸಿಕೊಳ್ಳುತ್ತೆ. ಭಾನುವಾರ ಬ್ರಷ್, ಸ್ಕ್ರೂಡ್ರೈವರ್, ಕೈಯಲ್ಲಿ ಒತ್ತೋ ಬ್ಲೋವರ್ ಹಿಡಿದು ನಾನೇ ಹೋದೆ. ಲ್ಯಾಪ್‌ಟಾಪ್ ಮಗುಚಿ, ಬ್ಯಾಟರಿ ಕಳಚಿ, ಹಿಂಬದಿ ಮುಚ್ಚಳ ತೆಗೆದಾಗ ಮೊದಲು ಬಂದಿದ್ದು ಮುಗ್ಗಲು ವಾಸನೆ. ಫ್ಯಾನ್ ಗಾಳಿ ಹೊರಗೆ ಹೋಗೋ ಜಾಗದಲ್ಲಿ ತಾಮ್ರದ ತೆಳು ರೆಕ್ಕೆಗಳ ಸಾಲು ಇರುತ್ತಲ್ಲ, ಅದರ ಮುಂದೆ ಬೂದು ಬಣ್ಣದ ಪಟ್ಟಿ ಕೂತಿತ್ತು. ಚಿಮುಟದಲ್ಲಿ ಒಂದು ತುದಿ ಹಿಡಿದು ಎಳೆದರೆ ಕಂಬಳಿ ತುಂಡು ಕಿತ್ತು ಬಂದ ಹಾಗೆ ಇಡೀ ಪಟ್ಟಿ ಒಟ್ಟಿಗೇ ಬಂತು. ಬೇಸಿಗೆಯಲ್ಲಿ ಒಳಗೆ ಸೇರಿದ ಧೂಳು ಮಳೆಗಾಲದ ಥಂಡಿ ಹೀರಿ ಹೆಪ್ಪುಗಟ್ಟಿತ್ತು. ಒಣ ಊರಿನಲ್ಲಿ ಊದಿದರೆ ಹಾರಿಹೋಗೋ ಧೂಳು ನಮ್ಮಲ್ಲಿ ಹೀಗೆ ಅಂಟಿ ಕೂರುತ್ತೆ. ಬರೀ ಹೊರಗಿನಿಂದ ಗಾಳಿ ಊದಿದರೆ ಅದು ಬರಲ್ಲ, ತೆರೆದೇ ತೆಗೀಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ಗಿರಗಿರ ತಿರುಗದ ಹಾಗೆ ಕಡ್ಡಿ ಒತ್ತಿ ಹಿಡಿದುಕೊಳ್ಳಿ. ಮುಚ್ಚಳ ಹಾಕಿ ಅರ್ಧ ಗಂಟೆ ಆಡಿಸಿದೆವು, ನಂಬರ್ ಅಲುಗಲಿಲ್ಲ.

ಒದ್ದೆ ಆರಿಸೋಣ ಅಂತ ಯಂತ್ರವನ್ನ ಒಲೆ ಹತ್ತಿರವೋ ಅಡಿಕೆ ಒಣಗಿಸೋ ಅಟ್ಟದಲ್ಲೋ ಇಡಬೇಡಿ. ಹೊಗೆ, ಜಿಡ್ಡು ಎರಡೂ ಒಳಗೆ ಸೇರ್ತವೆ. ದಿನಾ ಒಂದು ತಾಸು ಚಾಲೂ ಮಾಡಿಟ್ಟರೆ ತನ್ನ ಬಿಸಿಗೇ ಒಣಗಿರುತ್ತೆ. ನನ್ನ ಅನುಭವದಲ್ಲಿ ಬೂಷ್ಟು ಹಿಡಿಯೋದು ಬಳಸದೇ ಇಟ್ಟ ಯಂತ್ರಕ್ಕೆ.

ಬಿಸಿಯೂ ಅಲ್ಲ, ಉಳಿತಾಯವೂ ಅಲ್ಲ ಅಂದರೆ ಗ್ರಾಫಿಕ್ಸ್ ಡ್ರೈವರ್ ನೋಡಿ. ಅಂಗಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿಸಿಕೊಂಡು ಬಂದ ಮೇಲೆ ನಿಧಾನವಾಗಿದ್ದರೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಸಾಲಿನಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಇದ್ದರೆ ನಿಜವಾದ ಡ್ರೈವರ್ ಇನ್ನೂ ಕೂತಿಲ್ಲ. ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಜಾಗದಲ್ಲಿ ಎಲ್‌ಎಲ್‌ವಿಎಂಪೈಪ್ ಅನ್ನೋ ಹೆಸರು ಕಂಡರೂ ಅದೇ ಅರ್ಥ: ಚಿತ್ರ ಬಿಡಿಸೋ ಕೆಲಸ ಪೂರ್ತಿ ಪ್ರೊಸೆಸರ್ ಹೆಗಲ ಮೇಲೆ ಬಿದ್ದಿದೆ.

ನಂಬರ್ ಪೂರ್ತಿ, ಸೌಂಡ್ ಹರಿಯುತ್ತೆ

ಇದಕ್ಕೆ ಎಂಜಿಬಿಎ ಸೆಟ್ಟಿಂಗ್‌ನಲ್ಲಿ ಆಡಿಯೋ ಬಫರ್ ಅನ್ನೋದನ್ನ ಹುಡುಕಿ. ಎಮ್ಯುಲೇಟರ್ ಸೌಂಡನ್ನ ಬಿಂದಿಗೆಯಲ್ಲಿ ತುಂಬಿಡುತ್ತೆ, ಕಂಪ್ಯೂಟರ್ ಅದರಿಂದ ತಗೊಂಡು ಸ್ಪೀಕರಿಗೆ ಕೊಡುತ್ತೆ. ಬಿಂದಿಗೆ ಚಿಕ್ಕದಾದರೆ ಮತ್ತೆ ತುಂಬೋದ್ರೊಳಗೆ ಬರಿದಾಗುತ್ತೆ, ಆ ಖಾಲಿ ಜಾಗವೇ ಕಿವಿಗೆ ಚರಚರ ಅಂತ ಕೇಳೋದು. 1536 ಸ್ಯಾಂಪಲ್ ಅಂದರೆ 44100ರ ದರದಲ್ಲಿ ಸುಮಾರು 35 ಮಿಲಿಸೆಕೆಂಡಿನ ದಾಸ್ತಾನು. 3072ಕ್ಕೆ ಏರಿಸಿದರೆ ಸುಮಾರು 70. ಹರಿಯೋದು ನಿಲ್ಲುತ್ತೆ, ಆದರೆ ಗುಂಡಿ ಒತ್ತಿದ ಮೇಲೆ ಸದ್ದು ಅಷ್ಟೇ ತಡವಾಗುತ್ತೆ. ಒಂದೊಂದೇ ಮೆಟ್ಟಿಲು ಏರಿಸಿ, ಸರಿಯಾದಲ್ಲಿ ನಿಲ್ಲಿಸಿ. ಸದ್ದು ಶುದ್ಧವಾಗಿದ್ದು ಬರೀ ತಡವಾಗಿ ಬರ್ತಿದ್ದರೆ ಬ್ಲೂಟೂತ್ ಸ್ಪೀಕರ್ ಬಿಟ್ಟು ತಂತಿಯ ಇಯರ್‌ಫೋನ್ ಹಾಕಿ ನೋಡಿ. ಆ ತಡವನ್ನ ಎಮ್ಯುಲೇಟರಿನ ಯಾವ ಸೆಟ್ಟಿಂಗೂ ತೆಗೆಯಲ್ಲ.

ಅಲ್ಲೇ ಪಕ್ಕದಲ್ಲಿ ಸಿಂಕ್ ಅಂತ ಎರಡು ಚೌಕ ಇವೆ, ಒಂದು ವಿಡಿಯೋ, ಇನ್ನೊಂದು ಆಡಿಯೋ. ನನ್ನ ಮಾತು ಕೇಳಿ, ಆಡಿಯೋ ಒಂದನ್ನೇ ಇಡಿ. ಎರಡೂ ಹಾಕಿದರೆ ಆಟ ಇಬ್ಬರು ಯಜಮಾನರ ಮಾತು ಕೇಳಬೇಕಾಗುತ್ತೆ. ಪರದೆ 60 ಅನ್ನುತ್ತೆ, ಸೌಂಡ್ 59.73 ಅನ್ನುತ್ತೆ, ನಡುವೆ ಆಗಾಗ ಎಡವುತ್ತೆ. ವಿಡಿಯೋ ಮಾತ್ರ ಹಾಕಿ ಪರದೆ 75 ಹರ್ಟ್ಸ್‌ನದಾಗಿದ್ದರೆ ಆಟ ಸರಿಸುಮಾರು ಕಾಲು ಪಾಲು ಜೋರಾಗಿ ಓಡುತ್ತೆ. "ಆಟ ವಿಪರೀತ ಸ್ಪೀಡು" ಅನ್ನೋ ದೂರಿಗೆ ಇದೇ ಕಾರಣ, ಇಲ್ಲವೇ ಫಾಸ್ಟ್ ಫಾರ್ವರ್ಡ್ ಗೊತ್ತಿಲ್ಲದೆ ಚಾಲೂ ಆಗಿರೋದು. ಶಿಫ್ಟ್ ಮತ್ತು ಟ್ಯಾಬ್ ಒಟ್ಟಿಗೆ ಒಮ್ಮೆ ಒತ್ತಿ ನೋಡಿ.

ಕೀಲಿ ಕೆಲಸ ಮಾಡಲ್ಲ

ಎಂಜಿಬಿಎಯಲ್ಲಿ ಎಕ್ಸ್ ಅಂದರೆ ಆಟದ ಎ ಗುಂಡಿ, ಜೆಡ್ ಅಂದರೆ ಬಿ. ಬಾಣದ ಕೀಲಿ, ಎಂಟರ್ ಸರಿಯಾಗಿದ್ದು ಈ ಎರಡು ಮಾತ್ರ ಸತ್ತ ಹಾಗಿದ್ದರೆ ಕೀಬೋರ್ಡ್ ಕನ್ನಡದಲ್ಲಿ ಉಳಿದಿದೆಯಾ ನೋಡಿ. ಆಟದ ಮಾತುಗಳನ್ನ ಕನ್ನಡದಲ್ಲಿ ಟೈಪ್ ಮಾಡಿ ಹಾಗೇ ಬಂದು ಆಡೋಕೆ ಕೂತಾಗ ನನಗೇ ಹೀಗಾಗಿದೆ. ಓಡುತ್ತಾ ಹಾರುವಾಗ ಮಾತ್ರ ಒಂದು ಗುಂಡಿ ಕೈಕೊಟ್ಟರೆ ಅದು ಅಗ್ಗದ ಕೀಬೋರ್ಡಿನ ಮಿತಿ. ಕೆಲವು ಮೂರು ಕೀಲಿಗಳ ಜೋಡಿಯನ್ನ ಅದು ಒಟ್ಟಿಗೆ ಓದಲಾರದು. ಬೇರೆ ಕೀಲಿಗೆ ಬದಲಾಯಿಸಿಕೊಳ್ಳಿ.

ಸೇವ್ ಉಳಿಯಲ್ಲ

ಹುಡುಗರು ಅಳೋ ಮಟ್ಟಕ್ಕೆ ಬರೋದು ಇದಕ್ಕೇ, ಹಾಗಾಗಿ ನಿಧಾನವಾಗಿ ಹೇಳ್ತೇನೆ. ಮೊದಲ ಕೆಲಸ ಅಂದರೆ ಇರೋ ಸೇವ್ ಫೈಲನ್ನ ಬೇರೆ ಜಾಗಕ್ಕೆ ಪ್ರತಿ ಮಾಡಿಡೋದು. ಆಮೇಲೆ ಉಳಿದದ್ದು.

ಸೇವ್ ಎರಡು ಬಗೆ. ಆಟದ ಒಳಗಿನ ಸೇವ್, ಹಳೇ ಕಾರ್ಟ್ರಿಜ್‌ನಲ್ಲಿ ಗುಂಡು ಬ್ಯಾಟರಿಯ ಬಲದ ಮೇಲೆ ಉಳೀತಿದ್ದಂಥದ್ದು. ಅದು ಆಟದ ಫೈಲ್ ಪಕ್ಕದಲ್ಲೇ ಅದೇ ಹೆಸರಿನ ಸೇವ್ ಫೈಲಾಗಿ ಕೂರುತ್ತೆ. ಇನ್ನೊಂದು ಸೇವ್ ಸ್ಟೇಟ್. ಇಡೀ ಯಂತ್ರ ಆ ಕ್ಷಣದಲ್ಲಿ ಹೇಗಿತ್ತೋ ಹಾಗೇ ಹಿಡಿದಿಡೋ ಎಮ್ಯುಲೇಟರಿನ ಸೌಕರ್ಯ ಅದು. ಸ್ಟೇಟ್ ಜೊತೆ ಸೇವ್ ಗೇಮ್ ಕೂಡ ಲೋಡ್ ಆಗಲಿ ಅಂತ ಸೆಟ್ಟಿಂಗ್‌ನಲ್ಲಿ ಗುರುತು ಹಾಕಿದ್ದರೆ, ಹಳೇ ಸ್ಟೇಟ್ ತೆರೆದ ಕೂಡಲೇ ನಿನ್ನೆಯ ಸೇವ್ ಮೇಲೆ ಹೋದ ವಾರದ ಸೇವ್ ಬಂದು ಕೂರುತ್ತೆ.

ಸ್ವಂತ ಆಟ ಕಟ್ಟುವವರು ಇನ್ನೊಂದು ನೆನಪಿಡಬೇಕು. ಅಕ್ಕನ ಮಗ ಆಟದಲ್ಲಿ ಏನಾದರೂ ತಿದ್ದಿ, ಮತ್ತೆ ಕಟ್ಟಿ, ಹಳೇ ಸ್ಟೇಟ್ ತೆರೆದು ಮುಂದುವರಿಸ್ತಿದ್ದ. ಕೊನೆಗೌಡ ಮರದೊಳಗೇ ನಡೆದುಹೋಗ್ತಿದ್ದ, ಅಕ್ಷರಗಳ ಜಾಗದಲ್ಲಿ ಮಂಗನ ಬಾಲ ಬರ್ತಿತ್ತು. ಹೊಸದಾಗಿ ಕಟ್ಟಿದಾಗ ಆಟದ ಒಳಗಿನ ವಿಳಾಸಗಳೆಲ್ಲ ಜರುಗಿರ್ತವೆ, ಹಳೇ ಸ್ಟೇಟ್ ಮಾತ್ರ ಹಳೇ ವಿಳಾಸಗಳನ್ನೇ ಹಿಡಿದಿರುತ್ತೆ. ಮನೆ ಬದಲಾಯಿಸಿದವರನ್ನ ಹಳೇ ಮನೆಯಲ್ಲಿ ಹುಡುಕಿದ ಹಾಗೆ. ಆಟ ಮತ್ತೆ ಕಟ್ಟಿದ ಮೇಲೆ ಹಳೇ ಸ್ಟೇಟ್ ತೆರೆಯಬೇಡಿ, ಮೊದಲಿನಿಂದ ಶುರು ಮಾಡಿ.

ಆಟದ ಒಳಗಿನ ಸೇವ್ ಉಳೀತಿಲ್ಲ ಅಂದರೆ ಪರೀಕ್ಷೆ ಸುಲಭ. ಆಟದಲ್ಲಿ ಸೇವ್ ಮಾಡಿ, ಎಮ್ಯುಲೇಟರ್ ಮುಚ್ಚಿ, ಫೋಲ್ಡರ್ ತೆರೆದು ಸೇವ್ ಫೈಲ್ ಹುಟ್ಟಿದೆಯಾ ನೋಡಿ. ಫೈಲ್ ಇದ್ದು ಅದರ ಸಮಯ ಈಗಿನದೇ ಆಗಿದ್ದರೆ ಎಮ್ಯುಲೇಟರ್ ತನ್ನ ಕೆಲಸ ಮಾಡಿದೆ. ಇಲ್ಲವಾದರೆ ಆ ಫೋಲ್ಡರಿನಲ್ಲಿ ಬರೆಯೋಕೆ ಅನುಮತಿ ಇಲ್ಲದಿರಬಹುದು: ಬೀಗ ಹಾಕಿದ ಪೆನ್‌ಡ್ರೈವ್, ಪ್ರೋಗ್ರಾಂ ಫೈಲ್ಸ್‌ನಂಥ ಜಾಗ. ಆಟವನ್ನ ಡಾಕ್ಯುಮೆಂಟ್ಸ್‌ಗೆ ತಂದು ಮತ್ತೆ ನೋಡಿ.

ಅಲ್ಲೂ ಹುಟ್ಟಲಿಲ್ಲವೇ? ಹೊಸನಗರದ ಕಡೆಯ ಒಬ್ಬ ಹುಡುಗಿ ಸಿ ಭಾಷೆಯಲ್ಲಿ, ಗೇಮ್ ಬಾಯ್ ಆಟ ಕಟ್ಟೋ ಜಿಬಿಡಿಕೆ ಅನ್ನೋ ಸಲಕರಣೆ ಬಳಸಿ ಬರೆದ ಆಟಕ್ಕೆ ಹೀಗಾಗಿತ್ತು. ಎರಡು ವಾರ ತನ್ನ ಸೇವ್ ಮಾಡೋ ಸಾಲುಗಳನ್ನೇ ತಿದ್ದಿ ತಿದ್ದಿ ಸೋತಿದ್ದಳು. ಗೇಮ್ ಬಾಯ್ ಆಟದ ಫೈಲಿನ ಶುರುವಿನಲ್ಲೇ ಒಂದು ತಲೆಬರಹ ಇರುತ್ತೆ. ಅದರ 0147ನೇ ಜಾಗದಲ್ಲಿ, ಹೆಕ್ಸ್ (ಹದಿನಾರರ) ಲೆಕ್ಕದಲ್ಲಿ, ಇದು ಯಾವ ಬಗೆಯ ಕಾರ್ಟ್ರಿಜ್ ಅಂತ ಒಂದೇ ಒಂದು ಬೈಟ್ ಹೇಳುತ್ತೆ. ಹೆಕ್ಸ್ ಎಡಿಟರ್‌ನಲ್ಲಿ ಅವಳ ಫೈಲ್ ತೆರೆದು ಇಬ್ಬರೂ ಸಾಲು ಎಣಿಸಿದೆವು. ಅಲ್ಲಿ 00 ಇತ್ತು. 00 ಅಂದರೆ ಆಟ ಮಾತ್ರ, ಸೇವ್ ಇಡೋಕೆ ನೆನಪಿನ ಚಿಪ್ಪೂ ಇಲ್ಲ, ಬ್ಯಾಟರಿಯೂ ಇಲ್ಲ. ಎಮ್ಯುಲೇಟರ್ ಆ ಮಾತನ್ನ ನಂಬಿ ನಡೆದಿತ್ತು. ಕಟ್ಟುವಾಗ ಲಿಂಕರ್‌ಗೆ ಕಾರ್ಟ್ರಿಜ್ ಬಗೆ 1ಬಿ ಅಂತ ಹೇಳಬೇಕು, ಅದು ಎಂಬಿಸಿ5 ಅನ್ನೋ ನಿಯಂತ್ರಕ ಚಿಪ್, ರ‍್ಯಾಮ್, ಬ್ಯಾಟರಿ ಮೂರೂ ಇರೋದು. ರ‍್ಯಾಮ್ ಬ್ಯಾಂಕ್ ಒಂದು ಅಂತಲೂ ಹೇಳಬೇಕು, ಆಗ 0149ರಲ್ಲಿ 02 ಬಂದು 8 ಕಿಲೋಬೈಟ್ ಸಿಗುತ್ತೆ. ಕೋಡ್‌ನಲ್ಲಿ ಬರೆಯೋ ಮುಂಚೆ ರ‍್ಯಾಮ್ ಎನೇಬಲ್ ಮಾಡೋ ಸಾಲು ಇರಬೇಕು. ಮತ್ತೆ ಕಟ್ಟಿದಳು, ಸೇವ್ ಮಾಡಿದಳು, ಫೋಲ್ಡರಿನಲ್ಲಿ 8192 ಬೈಟಿನ ಫೈಲ್ ಬಂದು ಕೂತಿತ್ತು. ಎರಡು ವಾರದಿಂದ ಅವಳು ಬರೆದಿದ್ದ ಸಾಲುಗಳಲ್ಲಿ ಒಂದು ತಪ್ಪೂ ಇರಲಿಲ್ಲ.

ಪಿಎಸ್‌ಪಿ ಆಡಿಸುವವರಿಗೆ

ಪಿಎಸ್‌ಪಿ ಅಂದರೆ ಸೋನಿಯ ಕೈಯಾಟದ ಯಂತ್ರ, ಅದರ ಎಮ್ಯುಲೇಟರ್ ಪಿಪಿಎಸ್‌ಎಸ್‌ಪಿಪಿ. ಅದು ಕೂಡ ಉಚಿತ, ಮುಕ್ತ. ಅದರ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ವೇಗದ ನಂಬರ್ ತೋರಿಸೋ ಆಯ್ಕೆ ಇದೆ, ಹಾಕಿಕೊಳ್ಳಿ. ನಿಧಾನವಾದರೆ ರೆಂಡರಿಂಗ್ ರೆಸಲ್ಯೂಷನ್ ಇಳಿಸಿ. ಪಿಎಸ್‌ಪಿಯ ಪರದೆ 480 ಅಡ್ಡ 272. ನಾಲ್ಕು ಪಟ್ಟು ಅಂತ ಇಟ್ಟರೆ ಬಿಡಿಸಬೇಕಾದ ಚುಕ್ಕಿಗಳು ಹದಿನಾರು ಪಟ್ಟಾಗ್ತವೆ, ಹಳೇ ಲ್ಯಾಪ್‌ಟಾಪ್ ಅಲ್ಲೇ ಕುಸಿಯುತ್ತೆ. ಕಪ್ಪು ಪರದೆ ಬಂದರೆ ಚಿತ್ರ ಬಿಡಿಸೋ ವಿಧಾನವನ್ನ ವಲ್ಕನ್‌ನಿಂದ ಓಪನ್‌ಜಿಎಲ್‌ಗೆ ಬದಲಾಯಿಸಿ. ಹಳೇ ಇಂಟೆಲ್ ಗ್ರಾಫಿಕ್ಸ್‌ಗೆ ವಲ್ಕನ್ ಬರಲ್ಲ. ಪಿಪಿಎಸ್‌ಎಸ್‌ಪಿಪಿಗೆ ಬಯೋಸ್ ಫೈಲ್, ಅಂದರೆ ಯಂತ್ರದ ಒಳಗಿನ ಮೂಲ ತಂತ್ರಾಂಶ, ಬೇಕೇ ಇಲ್ಲ. "ಮೊದಲು ಈ ಬಯೋಸ್ ಇಳಿಸಿಕೊಳ್ಳಿ" ಅಂತ ಎಲ್ಲಾದರೂ ಕಂಡರೆ ಆ ಗುಂಡಿ ಒತ್ತಬೇಡಿ.

ನಂಬರ್ ಪೂರ್ತಿ, ಸೌಂಡ್ ಸರಿ, ಆದರೂ ತಪ್ಪು

ಲ್ಯಾಪ್‌ಟಾಪ್ ಶುಚಿ ಮಾಡಿದ ಭಾನುವಾರ ಸಂಜೆ ಅಕ್ಕ ಕಾಫಿ ತಂದಿಟ್ಟಳು, ಹುಡುಗ ಆಟ ತೋರಿಸೋಕೆ ಕೂತ. ಐದನೇ ಮಟ್ಟಕ್ಕೆ ಬಂದಾಗ "ನೋಡಿ ಮಾವ, ಇನ್ನೂ ಹಾಳಾಗೇ ಇದೆ" ಅಂದ. ಒಂದೇ ಸಾಲಿನಲ್ಲಿ ಐದು ಮಂಗ ಇಟ್ಟಿದ್ದ. ಕೊನೆಗೌಡ ಆ ಸಾಲಿಗೆ ಹತ್ತಿ ಬಂದ ಕೂಡಲೇ ಕಟ್ಟಕಡೆಯ ಮಂಗ ಮಾಯ. ಕೆಳಗಿಳಿದರೆ ಮತ್ತೆ ಹಾಜರು. ನಂಬರ್ ನೋಡಿದೆ, 59.7.

ಆ ನಂಬರ್ ನಿಂತಿರುವಾಗ ಎಮ್ಯುಲೇಟರಿನ ಮೇಲೆ ಅನುಮಾನ ಪಡೋಕೆ ಕಾರಣ ಇಲ್ಲ. ನಿಜವಾದ ಗೇಮ್ ಬಾಯ್ ಪರದೆಯ ಮೇಲೆ ಒಟ್ಟು 40 ಸ್ಪ್ರೈಟ್, ಅಂದರೆ ಓಡಾಡೋ ಚಿಕ್ಕ ಚಿತ್ರದ ತುಂಡು, ಇಡಬಲ್ಲದು, ಒಂದು ಗೆರೆಯಲ್ಲಿ ಬರೀ 10. ಒಂದೊಂದು ಸ್ಪ್ರೈಟ್ 8 ಚುಕ್ಕಿ ಅಗಲ. ಅವನ ಮಂಗ 16 ಚುಕ್ಕಿ ಅಗಲದ್ದು, ಅಂದರೆ ಒಂದು ಮಂಗಕ್ಕೆ ಎರಡು ಸ್ಪ್ರೈಟ್. ಐದು ಮಂಗಕ್ಕೆ ಹತ್ತೂ ಖರ್ಚಾಗಿತ್ತು. ಕೊನೆಗೌಡ ಸಾಲಿಗೆ ಬಂದರೆ ಅವನಿಗೆ ಎರಡು ಬೇಕು, ಹನ್ನೆರಡಾಯಿತು. ಯಂತ್ರ ಮೊದಲ ಹತ್ತನ್ನ ಬಿಡಿಸಿ ಉಳಿದ ಎರಡನ್ನ ಕೈಬಿಡ್ತಿತ್ತು. ಎಂಜಿಬಿಎ ಆ ಮಿತಿಯನ್ನೂ ತಪ್ಪದೆ ನಕಲು ಮಾಡಿತ್ತು. ನಾಳೆ ಈ ಆಟವನ್ನ ಯಾರಾದರೂ ನಿಜವಾದ ಗೇಮ್ ಬಾಯ್‌ಗೆ ಹಾಕಿದರೂ ಅದೇ ಮಂಗ ಅದೇ ಜಾಗದಲ್ಲಿ ಮಾಯವಾಗುತ್ತೆ.

ಹುಡುಗ ಕಾಗದದ ಮೇಲೆ ಸಾಲು ಎಳೆದು ಎರಡೆರಡು ಮನೆ ತುಂಬುತ್ತಾ ತಾನೇ ಎಣಿಸಿದ. ಹನ್ನೆರಡು ಬಂದಾಗ ಒಂದು ಗಳಿಗೆ ಸುಮ್ಮನಾದ. ಆಮೇಲೆ ಜಿಬಿ ಸ್ಟುಡಿಯೋ ತೆರೆದು ಐದನೇ ಮಂಗವನ್ನ ಹದಿನಾರು ಚುಕ್ಕಿ ಮೇಲಕ್ಕೆ, ಪಕ್ಕದ ಮರದ ಹೆಡೆಯ ಮೇಲೆ ಕೂರಿಸಿದ.